ವೈಫೈ ಪಾಸ್‌ವರ್ಡ್ ಗಟ್ಟಿಯಿದ್ದರೆ ರೂಟರ್ ಭದ್ರವೇ?

ಪ್ರಶ್ನೆ: ಅಂಗಡಿಯ ವೈಫೈ ಪಾಸ್‌ವರ್ಡ್ ಆಗಾಗ ಬದಲಿಸುತ್ತೇವೆ. ಹೊರಗಿನವರು ನುಗ್ಗದಿರಲು ಇಷ್ಟು ಸಾಲದೇ?

ಸಾಲದು. ರೂಟರಿಗೆ ಪಾಸ್‌ವರ್ಡ್ ಎರಡು. ನೀವು ಬದಲಿಸುತ್ತಿರುವುದು ಫೋನು, ಲ್ಯಾಪ್‌ಟಾಪುಗಳು ವೈಫೈಗೆ ಸೇರಲು ಬೇಕಾದದ್ದು. ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬೇರೆ. ಕನೆಕ್ಷನ್ ಕೊಟ್ಟವರು ಬಿಟ್ಟುಹೋದ 'ಅಡ್ಮಿನ್' ಎಂಬುದೇ ಎಷ್ಟೋ ಕಡೆ ಇನ್ನೂ ಇದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ), ರೂಟರ್‌ಗಳನ್ನು ಹಿಡಿದದ್ದು ಕಂಪನಿಗಳೇ ಇಟ್ಟಿದ್ದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳಿಂದ. ಅದು ಬಂದದ್ದು ಇಂಟರ್‌ನೆಟ್ ಕಡೆಯಿಂದ. ವೈಫೈ ಪಾಸ್‌ವರ್ಡಿನ ಗೊಡವೆಯೇ ಅದಕ್ಕಿರಲಿಲ್ಲ.

ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿ (ಸರಿಯಾದದ್ದು ರೂಟರಿನ ತಳದ ಚೀಟಿಯಲ್ಲಿರುತ್ತದೆ). ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ (ಇಂಟರ್‌ನೆಟ್ ಕಡೆಯಿಂದ ಸೆಟ್ಟಿಂಗ್ ತೆರೆಯುವ ಸೌಲಭ್ಯ) ಆಫ್ ಮಾಡಿ, ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ.

ಆಮೇಲೆ ಡಬ್ಲ್ಯುಪಿಎಸ್, ಅಂದರೆ ವೈಫೈ ಪಾಸ್‌ವರ್ಡ್ ಟೈಪಿಸದೆ ಗುಂಡಿ ಒತ್ತಿಯೋ ಪಿನ್ ಹಾಕಿಯೋ ಸೇರುವ ಸೌಲಭ್ಯ. ಇದರ ಪಿನ್ 8 ಅಂಕಿಯದು, ಕೇಳಲು ಭಾರಿ ಭದ್ರ. ಆದರೆ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ರೂಟರ್ ಪ್ರತ್ಯೇಕವಾಗಿ ಹೇಳಿಬಿಡುತ್ತದೆ; ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದ ಬರುವಂಥದ್ದು. ಹಾಗಾಗಿ 10 ಕೋಟಿ ಸಾಧ್ಯತೆ 11,000ಕ್ಕೆ ಇಳಿಯುತ್ತದೆ. 20 ಅಕ್ಷರದ ವೈಫೈ ಪಾಸ್‌ವರ್ಡ್ ಇದ್ದೂ ಇಲ್ಲದಂತೆ. ಆಫ್ ಮಾಡಿ. ವೈಫೈ ಸೆಟ್ಟಿಂಗ್‌ನಲ್ಲಿ ಸೆಕ್ಯುರಿಟಿ ಬಗೆ ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ3 ಇರಲಿ.

ಅಂಗಡಿಗಳಲ್ಲಿ ಹೆಚ್ಚು ಎಡವುವುದು ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ, ಅಂದರೆ ಇಂಟರ್‌ನೆಟ್‌ನಿಂದ ಒಳಗಿನ ಸಾಧನಕ್ಕೆ ನೇರ ಬಾಗಿಲು (ಪೋರ್ಟ್) ತೆರೆಯುವುದರಲ್ಲಿ. ಮೊಬೈಲಿನಲ್ಲಿ ಸಿಸಿಟಿವಿ ಕಾಣಲೆಂದು ಹಾಕುವವರು ತೆರೆದ ಪೋರ್ಟು, ಡಿವಿಆರ್ ಬದಲಾದರೂ ಹಾಗೇ ಉಳಿದಿರುತ್ತದೆ. ಪಟ್ಟಿ ನೋಡಿ, ಬೇಡದ್ದನ್ನು ಅಳಿಸಿ. ಯುಪಿಎನ್‌ಪಿ ಆನ್ ಇದ್ದರೆ ಒಳಗಿನ ಸಾಧನಗಳು ನಿಮ್ಮನ್ನು ಕೇಳದೆಯೇ ಪೋರ್ಟ್ ತೆರೆದುಕೊಳ್ಳುತ್ತವೆ, ಅದನ್ನೂ ನಿಲ್ಲಿಸಿ. ಗಿರಾಕಿಗಳಿಗೆ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದೇ ಬೇರೆ ವೈಫೈ) ಕೊಡಿ, ಬಿಲ್ಲಿಂಗ್ ಕಂಪ್ಯೂಟರ್ ಅದರಲ್ಲಿ ಬೇಡ.

ಈಗಾಗಲೇ ಯಾರೋ ಕೈಯಾಡಿಸಿದ್ದಾರೆಂಬ ಅನುಮಾನವಿದ್ದರೆ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಸರಿಯಾದ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸ ನೋಡಿ. ನೀವಾಗಲಿ ಇಂಟರ್‌ನೆಟ್ ಕಂಪನಿಯಾಗಲಿ ಕೊಡದ ವಿಳಾಸ ಅಲ್ಲಿದ್ದರೆ, ಬ್ಯಾಂಕಿನ ಹೆಸರು ಟೈಪಿಸಿದರೂ ನಕಲಿ ಪುಟಕ್ಕೆ ಹೋಗಬಹುದು. ಆಗ ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿಯಿರಿ. ಅದಕ್ಕೂ ಮುಂಚೆ ಇಂಟರ್‌ನೆಟ್ ಕಂಪನಿಯಿಂದ ಕನೆಕ್ಷನ್‌ಗೆ ರೂಟರ್ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ರೀಸೆಟ್ ಮಾಡಿದರೆ ಅವೂ ಅಳಿಸಿ, ನೆಟ್ಟೇ ಬರುವುದಿಲ್ಲ.