ಬೆಳಕಿನ ಹೊಳಪು ಉಷ್ಣತೆಯಲ್ಲ

ಕ್ಯೂಬ್‌ಸ್ಯಾಟ್ ಎಂಬ ಪೆಟ್ಟಿಗೆಯಾಕಾರದ ಪುಟ್ಟ ಉಪಗ್ರಹ ಕಟ್ಟಹೊರಟ ವಿದ್ಯಾರ್ಥಿ ತಂಡಗಳ ಪ್ರಸ್ತಾವಗಳಲ್ಲಿ ಒಂದು ಸಾಲು ತಪ್ಪದೆ ಎದುರಾಗುತ್ತದೆ: ‘ಹೊರಮೈಗೆ ಸೆನ್ಸರ್ ಅಂಟಿಸಿ ಮೇಲ್ವಾತಾವರಣದ ಉಷ್ಣತೆಯನ್ನು ಅಳೆಯಲಾಗುವುದು.’ ಹುಡುಗರ ಉತ್ಸಾಹ ನನಗೆ ಮೆಚ್ಚುಗೆಯೇ, ಆದರೆ ಈ ಸಾಲನ್ನು ಹೊಡೆದುಹಾಕಿ ಹಾಕಿ ಸಾಕಾಗಿದೆ. 500 ಕಿ.ಮೀ. ಎತ್ತರದ ಅನಿಲ ಸಾವಿರ ಕೆಲ್ವಿನ್ ಆಸುಪಾಸಿನಲ್ಲಿದ್ದರೂ ಬಹಳ ವಿರಳವಾದುದರಿಂದ ಸೆನ್ಸರನ್ನು ಬಿಸಿ ಮಾಡಲಾರದು. ಸೆನ್ಸರ್ ತೋರಿಸುವುದು ಬಿಸಿಲಿಗೆ ಕಾದು ನೆರಳಿಗೆ ತಣಿಯುವ ಪೆಟ್ಟಿಗೆಯ ಬಿಸಿಯನ್ನಷ್ಟೇ.

ಉಷ್ಣತೆಯನ್ನು ಬೆಳಕಿನಿಂದ ಓದಬೇಕು. 90 ಕಿ.ಮೀ. ಎತ್ತರದ ಸುತ್ತಮುತ್ತ ಆಮ್ಲಜನಕದ ಅಣುಗಳು 762 ನ್ಯಾನೊಮೀಟರ್ ತರಂಗಾಂತರದ ಬಳಿ ಮಂದವಾಗಿ ಹೊಳೆಯುತ್ತವೆ. ಆ ಬೆಳಕನ್ನು ಕೆಳಗಿನ ಆಮ್ಲಜನಕವೇ ಹೀರಿಕೊಳ್ಳುವುದರಿಂದ ನೆಲದಿಂದ ನೋಡಿ ಪ್ರಯೋಜನವಿಲ್ಲ, ಉಪಗ್ರಹವೇ ಭೂಮಿಯ ಅಂಚಿನತ್ತ ಓರೆಯಾಗಿ ನೋಡಬೇಕು. ಆಗ ಆ ಪದರ ಸುಮಾರು 2,300 ಕಿ.ಮೀ. ದೂರದಲ್ಲಿರುತ್ತದೆ, ದೃಷ್ಟಿ ಒಂದು ಡಿಗ್ರಿಯ ನಲವತ್ತರಲ್ಲೊಂದು ಪಾಲು ಸರಿದರೂ ಎತ್ತರದಲ್ಲಿ ಒಂದು ಕಿ.ಮೀ. ತಪ್ಪುತ್ತದೆ.

ಇಷ್ಟು ಒಪ್ಪಿದವರೂ ಮತ್ತೆ ಎಡವುವುದು, ‘ಹೊಳಪು ಹೆಚ್ಚಿದ್ದಲ್ಲಿ ಬಿಸಿ ಹೆಚ್ಚು’ ಎಂದುಕೊಂಡು. ಖಂಡಿತ ಅಲ್ಲ. ಹಾಡು ಜೋರಾಗಿದೆಯೋ ಮೆಲ್ಲಗಿದೆಯೋ ಎಂಬುದರಿಂದ ರಾಗ ತಿಳಿಯುವುದಿಲ್ಲ, ಸ್ವರಗಳ ನಡುವಿನ ಸಂಬಂಧದಿಂದ ತಿಳಿಯುತ್ತದೆ. ಈ ಹೊಳಪೂ ಹಲವು ಸೂಕ್ಷ್ಮ ರೇಖೆಗಳ ಗುಂಪು, ಒಂದೊಂದು ರೇಖೆಯೂ ಒಂದೊಂದು ತರಂಗಾಂತರದ ಬೆಳಕು. ಅನಿಲ ಬಿಸಿಯಾದಂತೆ ವೇಗವಾಗಿ ತಿರುಗುವ ಅಣುಗಳ ಪಾಲು ಹೆಚ್ಚಿ, ಗುಂಪಿನ ಅಂಚಿನ ರೇಖೆಗಳು ಉಳಿದವುಗಳಿಗೆ ಹೋಲಿಸಿದರೆ ಬಲಗೊಳ್ಳುತ್ತವೆ. ಒಟ್ಟು ಬೆಳಕು ಅರ್ಧಕ್ಕಿಳಿದರೂ ಈ ಅನುಪಾತ ಬದಲಾಗದಿದ್ದರೆ ಉಷ್ಣತೆಯೂ ಬದಲಾಗಿಲ್ಲ. ಅಳತೆಯಲ್ಲಿ ಗದ್ದಲ, ಅಂದರೆ ಅಂಕಿಗಳ ಗೊತ್ತುಗುರಿಯಿಲ್ಲದ ಏರುಪೇರು, ಹೆಚ್ಚುತ್ತದೆ, ಅಷ್ಟೇ.

ಜರ್ಮನಿಯ ಯೂಲಿಷ್ ಮತ್ತು ವುಪ್ಪರ್ಟಾಲ್ ತಂಡಗಳು 2018ರ ಡಿಸೆಂಬರಿನಲ್ಲಿ ಕಕ್ಷೆಗೇರಿಸಿದ ಉಪಕರಣ ಇದೇ ತತ್ವದ್ದು. ಬೆಳಕನ್ನು ಎರಡಾಗಿ ಸೀಳಿ ಮತ್ತೆ ಬೆರೆಸುವ ಇಂಟರ್‌ಫೆರೋಮೀಟರಿನ ಕನ್ನಡಿಗಳ ಜಾಗದಲ್ಲಿ ಗ್ರೇಟಿಂಗ್‌ಗಳನ್ನು (ಸೂಕ್ಷ್ಮ ಗೀರುಗಳ ಫಲಕಗಳನ್ನು) ಕೂರಿಸಿದರೆ ಚಲಿಸುವ ಭಾಗವೇ ಬೇಕಿಲ್ಲ. ಕ್ಯಾಮೆರಾದ ಮೇಲೆ ಒಂದೇ ಬಾರಿಗೆ ಪಟ್ಟೆಪಟ್ಟೆಯಾಗಿ ಬೀಳುವ ಚಿತ್ರದಿಂದ ರೇಖೆಗಳನ್ನು ಲೆಕ್ಕಹಾಕಿ ಬಿಡಿಸಬಹುದು. ಅನುಪಾತವನ್ನು ನಂಬಿ ನಡೆಯುವ ಕೆಲಸವಾದ್ದರಿಂದ, ಫಿಲ್ಟರ್ ಒಂದು ಅಂಚಿನ ಬೆಳಕನ್ನು ಇನ್ನೊಂದಕ್ಕಿಂತ ಹೆಚ್ಚು ಬಿಟ್ಟಿತೆಂದರೆ ಅದೇ ಸುಳ್ಳು ಉಷ್ಣತೆಯಾಗುತ್ತದೆ. ಹೀಗಾಗಿ ವಿನ್ಯಾಸಕ್ಕಿಂತ ಕ್ಯಾಲಿಬ್ರೇಷನ್, ಅಂದರೆ ಉಪಕರಣದ ಓದನ್ನು ಗೊತ್ತಿರುವ ಬೆಳಕಿನೊಂದಿಗೆ ತಾಳೆ ನೋಡಿ ಸರಿಪಡಿಸುವುದು, ಹೆಚ್ಚು ಕಾಲ ನುಂಗುತ್ತದೆ, ಮತ್ತು ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಒಂದು ಎಚ್ಚರಿಕೆ. ಹೊಳೆಯುವ ಅಣು ಬೆಳಕು ಬಿಡುವ ಮೊದಲು ನೆರೆಯವುಗಳಿಗೆ ಸಾಕಷ್ಟು ಬಾರಿ ಡಿಕ್ಕಿ ಹೊಡೆದಿದ್ದರೆ ಮಾತ್ರ ಅದರ ತಿರುಗುವಿಕೆ ಸುತ್ತಲಿನ ಗಾಳಿಯ ಉಷ್ಣತೆಯನ್ನು ಹೇಳುತ್ತದೆ. 100 ಕಿ.ಮೀ. ಎತ್ತರದಲ್ಲಿ ಡಿಕ್ಕಿಗಳು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿರುವುದರಿಂದ ಅಲ್ಲಿ ಚಿಂತೆಯಿಲ್ಲ. 120 ಕಿ.ಮೀ. ದಾಟಿದ ಅಂಕಿಗಳನ್ನು ಯಾರಾದರೂ ತಂದರೆ, ಸಹಿ ಹಾಕುವ ಮೊದಲು ಲೆಕ್ಕವನ್ನು ಇನ್ನೊಮ್ಮೆ ಕೇಳುತ್ತೇನೆ.