ಕಣ ಬೇರೆ, ಗೋದಾಮು ಬೇರೆ

ಮಳೆಗಾಲದ ಒಂದು ಮಧ್ಯಾಹ್ನ ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ಜೀಪಿನಿಂದ ಕಂಪ್ಯೂಟರ್ ಇಳಿಸಿದರು. ನೀರು ತಾಗದಿರಲಿ ಅಂತ ಸಿಪಿಯು ಡಬ್ಬಕ್ಕೆ ಮೊದಲು ಪ್ಲಾಸ್ಟಿಕ್, ಅದರ ಮೇಲೆ ಕಾಫಿ ಗೋಣಿ ಸುತ್ತಿ ತಂದಿದ್ದರು. "ಮೆಮೊರಿ ಫುಲ್ ಆಗಿದೆ ಮಾರಾಯ. ರ‍್ಯಾಮ್ ಜಾಸ್ತಿ ಮಾಡು, ಹಾಗೇ ವಿಂಡೋಸ್ 11 ಹಾಕಿಬಿಡು. ಬೆಂಗಳೂರಿಂದ ಮಗ ಫೋನ್ ಮಾಡಿ ಹೇಳಿದ್ದಾನೆ" ಅಂದರು.

ಮಡಿಕೇರಿಯಲ್ಲಿ ಅಂಗಡಿ ಇಟ್ಟು ಹದಿನೇಳು ವರ್ಷವಾಯಿತು. ಈ ಮಾತನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ರ‍್ಯಾಮ್ ಹಾಕಿಸುವುದು ಒಂದು ವಿಷಯ, ವಿಂಡೋಸ್ ಬದಲಾಯಿಸುವುದು ಪೂರ್ತಿ ಬೇರೆ ವಿಷಯ. ಎರಡನ್ನೂ ಒಂದೇ ಉಸಿರಲ್ಲಿ ಕೇಳುತ್ತಾರೆ. ಬಹಳ ಸಲ ಅವರ ತೊಂದರೆ ಎರಡರಲ್ಲೂ ಇರುವುದಿಲ್ಲ.

"ಅಂಕಲ್, ಮೆಮೊರಿ ಫುಲ್ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ. ಸಿ ಡ್ರೈವ್ ಕೆಂಪಾಗಿದೆ ಎಂದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಅವರ ಯಂತ್ರದಲ್ಲಿ 8 ಜಿಬಿ ರ‍್ಯಾಮ್ ಇತ್ತು, ಬಳಕೆಯಾಗುತ್ತಿದ್ದುದು 3.4 ಜಿಬಿ. ಅರ್ಧಕ್ಕಿಂತ ಹೆಚ್ಚು ಖಾಲಿ. ಅದರ ಕೆಳಗಿನ ಸಾಲಿನಲ್ಲಿ ಡಿಸ್ಕ್ 100 ಶೇಕಡಾ ಎಂದು ತೋರಿಸುತ್ತಿತ್ತು, ಐದು ನಿಮಿಷ ನೋಡಿದರೂ ಇಳಿಯಲಿಲ್ಲ. ಅಂದರೆ ಡಿಸ್ಕ್ ತುಂಬಿದೆ ಅಂತಲ್ಲ, ಬಿಡುವೇ ಇಲ್ಲದೆ ದುಡಿಯುತ್ತಿದೆ ಅಂತ.

ಇದೊಂದನ್ನು ನಾನು ನಿಧಾನವಾಗಿ ಹೇಳಬೇಕು. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ರ‍್ಯಾಮ್ ಅಂದರೆ ನಿಮ್ಮ ಮನೆ ಮುಂದಿನ ಕಾಫಿ ಕಣ. ಹಾರ್ಡ್ ಡಿಸ್ಕ್ ಅಂದರೆ ಗೋದಾಮು. ಮೂಟೆಗಳು ಇರುವುದು ಗೋದಾಮಿನಲ್ಲಿ. ಹರಡುವುದು, ಕೆದಕುವುದು, ಒಣಗಿಸುವುದು ಎಲ್ಲ ಕಣದಲ್ಲಿ. ಮೊಮ್ಮಗಳ ನಾಮಕರಣದ ಫೋಟೋ, ಕೂಲಿ ಲೆಕ್ಕ, ಬ್ಯಾಂಕಿನ ಪತ್ರ ಎಲ್ಲ ಗೋದಾಮಿನ ಮೂಟೆಗಳು. ನೀವು ಒಂದು ಫೈಲ್ ತೆರೆದರೆ ಆ ಮೂಟೆಯನ್ನು ಕಣಕ್ಕೆ ತಂದು ಸುರಿದ ಹಾಗೆ. ಕೆಲಸ ಮುಗಿಸಿ ಮುಚ್ಚಿದರೆ ಕಣ ಮತ್ತೆ ಖಾಲಿ. ಗೋದಾಮು ತುಂಬಿದೆ ಅಂತ ಯಾರಾದರೂ ಕಣ ಅಗಲ ಮಾಡಿಸುತ್ತಾರಾ? ಸಿ ಡ್ರೈವ್ ಕೆಂಪಾಗಿದೆ ಅಂತ ರ‍್ಯಾಮ್ ಹಾಕಿಸುವುದು ಅದೇ ಕೆಲಸ. 16 ಜಿಬಿ ರ‍್ಯಾಮ್ ಹಾಕಿದರೂ ಒಂದು ಫೋಟೋಕ್ಕೂ ಹೊಸ ಜಾಗ ಸಿಗುವುದಿಲ್ಲ.

ಡಿಸೆಂಬರಿನಲ್ಲಿ ಕಣದಲ್ಲಿ ಕಾಫಿ ಇರುವಾಗ ಅಕಾಲದ ಮಳೆ ಬಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ರ‍್ಯಾಮಿನ ಪಾಲಿಗೆ ಆ ಮಳೆ ಅಂದರೆ ಕರೆಂಟ್ ಹೋಗುವುದು. ವಿದ್ಯುತ್ ಕಡಿದ ಕ್ಷಣ ಅದರಲ್ಲಿದ್ದದ್ದೆಲ್ಲ ಹೋಯಿತು. ಸೇವ್ ಮಾಡುವುದು ಅಂದರೆ ಕಣದಲ್ಲಿರುವುದನ್ನು ಗುಡಿಸಿ ಗೋದಾಮಿಗೆ ಸೇರಿಸುವುದು. ಯುಪಿಎಸ್ ಅಂದರೆ ಸೇರಿಸುವ ತನಕ ಮೇಲೆ ಎಳೆಯುವ ಟಾರ್ಪಾಲು.

ಹಾಗಾದರೆ ಕಣ ಚಿಕ್ಕದಾದರೆ? ಆಗ ವಿಂಡೋಸ್ ಕಣದಲ್ಲಿರುವುದರಲ್ಲಿ ಸ್ವಲ್ಪವನ್ನು ಮತ್ತೆ ಮೂಟೆ ಕಟ್ಟಿ ಗೋದಾಮಿಗೆ ಹೊರಿಸುತ್ತದೆ, ಬೇಕಾದಾಗ ಮತ್ತೆ ತರಿಸುತ್ತದೆ. ಗೋದಾಮಿನ ದಾರಿ ಕೆಸರಾದರೆ ಈ ಹೊರುವ ಕೆಲಸದಲ್ಲೇ ದಿನ ಕಳೆದುಹೋಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಅಂಥ ಕೆಸರು ದಾರಿ. ಒಳಗೆ ತಟ್ಟೆ ತಿರುಗಬೇಕು, ಸೂಜಿಯಂಥ ಕೈ ಹುಡುಕಿಕೊಂಡು ಹೋಗಬೇಕು. ಲ್ಯಾಪ್‌ಟಾಪಿನದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ದೊಡ್ಡ ಫೈಲ್ ಒಂದೇ ಸಮನೆ ಓದುವಾಗ ಸೆಕೆಂಡಿಗೆ ನೂರು ಎಂಬಿ ಬಂದೀತು, ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳಾದರೆ ಒಂದೆರಡು ಎಂಬಿಗೆ ಇಳಿಯುತ್ತದೆ. ವಿಂಡೋಸ್ ಶುರುವಾಗುವಾಗ ಕೇಳುವುದೇ ಈ ಸಾವಿರಾರು ಸಣ್ಣ ಫೈಲುಗಳನ್ನು. ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲೇ ಫೈಲ್ ಇಡುವ ಗೋದಾಮು) ತಿರುಗುವ ಭಾಗವೇ ಇಲ್ಲ. ಹಳೆಯ ಸಾಟಾ ಕೇಬಲಿಗೆ ಹೊಂದುವ ಅಗ್ಗದ ಎಸ್‌ಎಸ್‌ಡಿಯೇ ಸೆಕೆಂಡಿಗೆ ಐನೂರು ಎಂಬಿಯ ಹತ್ತಿರ ಓದುತ್ತದೆ, ಸಣ್ಣ ಫೈಲುಗಳಿಗೂ ತಡವರಿಸುವುದಿಲ್ಲ.

ಆದ್ದರಿಂದ ನನ್ನಲ್ಲಿಗೆ ಬರುವ ಮುಂಚೆ ನೀವೇ ಒಮ್ಮೆ ನೋಡಿ. ಆನ್ ಮಾಡಿದ ಕೂಡಲೇ ಬೇಡ, ಆಗ ಎಲ್ಲ ಯಂತ್ರವೂ ಏದುಸಿರು ಬಿಡುತ್ತದೆ. ದಿನಾ ಮಾಡುವ ಕೆಲಸ ಮಾಡುತ್ತಾ, ನಿಧಾನವಾಗುವ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ಸಾಲು ಸದಾ ಎಂಬತ್ತೈದು, ತೊಂಬತ್ತು ಶೇಕಡಾ ಇದ್ದರೆ ರ‍್ಯಾಮ್ ಮಾತಾಡೋಣ. ಮೆಮೊರಿ ಅರ್ಧದಲ್ಲಿದ್ದು ಡಿಸ್ಕ್ ನೂರಕ್ಕೆ ಅಂಟಿಕೊಂಡಿದ್ದರೆ ಎಸ್‌ಎಸ್‌ಡಿ ಮಾತಾಡೋಣ. ಎರಡೂ ಮೇಲಿದ್ದರೆ ಮೊದಲು ರ‍್ಯಾಮ್ ನೋಡಬೇಕಾಗಬಹುದು, ಕಣ ಚಿಕ್ಕದಾಗಿಯೇ ಡಿಸ್ಕ್ ಓಡುತ್ತಿರಬಹುದು. ನೋಡದೆ ಹೇಳಲಾರೆ. ಮೆಮೊರಿ ಹೆಚ್ಚು ಬಳಕೆಯಾಗುವುದೇ ಕಾಯಿಲೆಯಲ್ಲ, ಕೆಲಸ ಸರಾಗವಾಗಿದ್ದರೆ ಬಿಟ್ಟುಬಿಡಿ. 4 ಜಿಬಿ ಇರುವವರಿಗೆ ಮಾತ್ರ ಈಗ ನಾನು ಹೆಚ್ಚು ಯೋಚಿಸದೆ 8 ಮಾಡಿಸಿ ಅನ್ನುತ್ತೇನೆ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಅದೊಂದೇ ಆ 4ರಲ್ಲಿ ದೊಡ್ಡ ಪಾಲನ್ನು ನುಂಗಬಹುದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ, ಎಐ ಡೇಟಾ ಸೆಂಟರುಗಳೇ ಚಿಪ್ಪುಗಳನ್ನು ಎಳೆದುಕೊಳ್ಳುತ್ತಿವೆ. ಸುಮ್ಮನೆ ಹಾಕಿಸುವ ಕಾಲ ಇದಲ್ಲ.

ವಿರಾಜಪೇಟೆ ಕಡೆಯ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಬೇರೆ ಊರಿನ ಅಂಗಡಿಯಲ್ಲಿ 4 ಜಿಬಿ ಇದ್ದದ್ದನ್ನು 8 ಮಾಡಿಸಿದ್ದರು. ದುಡ್ಡು ಕೊಟ್ಟರು, ವೇಗ ಬರಲಿಲ್ಲ. ಆರು ತಿಂಗಳು ಹಾಗೇ ಒದ್ದಾಡಿದ್ದಾರೆ. ನಾನು ತೆರೆದು ನೋಡಿದರೆ ಸಿಸ್ಟಂ ಪುಟದಲ್ಲಿ 32 ಬಿಟ್ ವಿಂಡೋಸ್. 32 ಬಿಟ್ ವಿಂಡೋಸ್ 10ಕ್ಕೆ 4 ಜಿಬಿಗಿಂತ ಆಚೆ ಕಣ್ಣೇ ಕಾಣುವುದಿಲ್ಲ. ಹಾಕಿದ ಎರಡನೇ ಮೆಮೊರಿ ಕಡ್ಡಿ ಅಷ್ಟು ದಿನ ಸುಮ್ಮನೆ ಕೂತಿತ್ತು. 64 ಬಿಟ್‌ಗೆ ಹೋಗಬೇಕಾದರೆ ವಿಂಡೋಸನ್ನು ಹೊಸದಾಗಿಯೇ ಹಾಕಬೇಕು, ಮೇಲಿಂದ ಮೇಲೆ ಅಪ್‌ಗ್ರೇಡ್ ಆಗುವುದಿಲ್ಲ. ಹಾಕಿದವರು ಒಂದೇ ಒಂದು ನಿಮಿಷ ಆ ಪುಟ ನೋಡಿದ್ದರೆ ಸಾಕಿತ್ತು. ನನಗೆ ಆ ದಿನ ನಿಜವಾಗಿಯೂ ಸಿಟ್ಟು ಬಂತು.

ಕಡ್ಡಿ ಕೊಳ್ಳುವ ಮುಂಚೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟಿದೆ, ಎಷ್ಟು ಬಳಕೆಯಾಗಿದೆ ಎಂದಿರುತ್ತದೆ, ನೋಡಿಕೊಳ್ಳಿ. 'ರೋ ಆಫ್ ಚಿಪ್ಸ್' ಎಂದಿದ್ದರೆ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅವನ್ನು ತೆಗೆದು ಬದಲಾಯಿಸಲು ಬರುವುದಿಲ್ಲ. ಕಡ್ಡಿಯಲ್ಲೂ ತಲೆಮಾರುಗಳಿವೆ, ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಆನ್‌ಲೈನಿನಲ್ಲಿ ತರಿಸಿ ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದವರಿದ್ದಾರೆ.

ನಮ್ಮ ಊರಿಗೇ ಸೇರಿದ ಇನ್ನೊಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಮನೆಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಕಂಪ್ಯೂಟರಿಗೆ ಮಾತ್ರ ಬಿಡುತ್ತದಾ? ವಾರಗಟ್ಟಲೆ ಆನ್ ಮಾಡದೆ ಇಟ್ಟ ಡೆಸ್ಕ್‌ಟಾಪ್ ಒಂದು ದಿನ ಬೀಪ್ ಬೀಪ್ ಅಂತ ಕೂಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ರ‍್ಯಾಮ್ ಸುಟ್ಟಿದೆ ಅಂತ ಹೊಸದಕ್ಕೆ ಬರುತ್ತಾರೆ. ನಾನು ಕಡ್ಡಿ ಬಿಚ್ಚಿ, ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಬ್ರಷ್ಷಿನಲ್ಲಿ ಕೊಡವಿ, ಮತ್ತೆ ಕೂರಿಸುತ್ತೇನೆ. ಹತ್ತರಲ್ಲಿ ಐದಾರು ಸಲ ಅಷ್ಟಕ್ಕೇ ಎದ್ದುಬಿಡುತ್ತದೆ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಯೇ ತೇವ ಆರಿಸುತ್ತದೆ.

ಇನ್ನು ವಿಂಡೋಸ್. ವಿಂಡೋಸ್ 11 ಹಾಕಿದರೆ ಹಳೆಯ ಕಂಪ್ಯೂಟರ್ ವೇಗವಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಬದಲಾಯಿಸಬೇಕಾದ ಕಾರಣ ಬೇರೆ ಇದೆ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಮಾರನೇ ದಿನ ಯಾರ ಕಂಪ್ಯೂಟರೂ ನಿಂತುಹೋಗಲಿಲ್ಲ, ಅದಕ್ಕೇ ಜನ ಹಗುರವಾಗಿ ತೆಗೆದುಕೊಂಡಿದ್ದಾರೆ. ಆದರೆ ಹೊಸ ತೂತು ಕಂಡಾಗ ಮುಚ್ಚುವವರಿಲ್ಲ. ನೆಟ್ ಬ್ಯಾಂಕಿಂಗ್ ಮಾಡುವವರು ಇದನ್ನು ತಳ್ಳಿಹಾಕಬಾರದು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರ ತನಕ ಸಿಗುವ ಏರ್ಪಾಡಿದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗುಗಳನ್ನು ಬ್ಯಾಕಪ್ ಮಾಡಿದರೆ ದುಡ್ಡು ಕೊಡಬೇಕಿಲ್ಲ.

ವಿಂಡೋಸ್ 11ಕ್ಕೆ ಕಾಗದದ ಮೇಲೆ 4 ಜಿಬಿ ರ‍್ಯಾಮ್ ಸಾಕು, ಬಳಸಲು 8 ಬೇಕು. ರ‍್ಯಾಮಿಗಿಂತ ಮುಖ್ಯವಾಗಿ ಅದು ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಕೇಳುತ್ತದೆ. ಟಿಪಿಎಂ ಇಲ್ಲ ಎಂದು ತೋರಿಸಿದರೆ ಗಾಬರಿ ಬೇಡ, ಎಷ್ಟೋ ಯಂತ್ರಗಳಲ್ಲಿ ಅದು ಬಯೋಸಿನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಆಫ್ ಆಗಿರುತ್ತದೆ ಅಷ್ಟೇ. ಪ್ರೊಸೆಸರ್ ಹಳೆಯದಾದರೆ ನೇರ ದಾರಿಯಿಲ್ಲ. ತಪಾಸಣೆ ತಪ್ಪಿಸಿ ಹಾಕಿಕೊಡುವವರು ಇದ್ದಾರೆ. ಹಾಕಿದರೆ ಓಡುತ್ತದೆ, ಸುಳ್ಳಲ್ಲ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಪ್‌ಡೇಟಿಗಾಗಿಯೇ ಬದಲಾಯಿಸಿ, ಅಪ್‌ಡೇಟಿನ ಖಾತ್ರಿಯನ್ನೇ ಕಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬ್ರೌಸರ್, ಇಮೇಲ್, ಯೂಟ್ಯೂಬ್ ಇಷ್ಟೇ ಸಾಕು ಅನ್ನುವವರಿಗೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡುತ್ತೇನೆ. ಲೆಕ್ಕ ಇಡುವ ಟ್ಯಾಲಿ ತಂತ್ರಾಂಶ ಬೇಕಾದವರಿಗೆ ಮಿಂಟ್ ಹೇಳುವುದಿಲ್ಲ, ಟ್ಯಾಲಿ ವಿಂಡೋಸಿಗೆ ಮಾಡಿದ್ದು.

ಸೋಮವಾರಪೇಟೆಯ ನಿವೃತ್ತ ಟೀಚರ್ ಒಬ್ಬರು ಯಾರೋ ಫಾರ್ಮ್ಯಾಟ್ ಮಾಡಿಕೊಟ್ಟ ಮೇಲೆ ಅಳುತ್ತಾ ಬಂದಿದ್ದರು. ಹನ್ನೆರಡು ವರ್ಷ ಟೈಪ್ ಮಾಡಿದ ತಮ್ಮೂರಿನ ಇತಿಹಾಸವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿತ್ತು. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು, ಫಾರ್ಮ್ಯಾಟ್ ಮಾಡಿದವರು ನುಡಿ ಹಾಕಿರಲಿಲ್ಲ. ನುಡಿ ಹಾಕಿದ ಕೂಡಲೇ ಕನ್ನಡ ಮರಳಿ ಬಂತು. ಟೀಚರ್ ಪರದೆ ಮುಟ್ಟಿ ಮುಟ್ಟಿ ನೋಡಿದರು. ಅದೇ ದಿನ ಎಲ್ಲವನ್ನೂ, ಬೇರೆ ಯಂತ್ರದಲ್ಲೂ ನುಡಿ ಇಲ್ಲದೆ ಓದಲು ಬರುವ ಯೂನಿಕೋಡಿಗೆ ಬದಲಾಯಿಸಿಕೊಟ್ಟೆ.

ನಾಪೋಕ್ಲಿನವರ ಯಂತ್ರದಲ್ಲೂ ಅಂಥದ್ದೊಂದು ಫೈಲ್ ಇತ್ತು. 2009ರಿಂದ ದಿನ ತಪ್ಪದೆ ಬರೆದ ಮಳೆ ಲೆಕ್ಕ. ಒಂದು ಕಾಲಂ ಇಂಚು, ಒಂದು ಕಾಲಂ ಸೆಂಟು, ಅಂದರೆ ಇಂಚಿನ ನೂರನೇ ಒಂದು ಪಾಲು. 2018ರ ಆಗಸ್ಟ್‌ನ ಸಾಲುಗಳ ಪಕ್ಕದಲ್ಲಿ ಅಂಕಿಯ ಜೊತೆ 'ಕರೆಂಟ್ ಇಲ್ಲ', 'ರಸ್ತೆ ಬಂದ್' ಎಂದು ಬರೆದಿದ್ದರು. ಇನ್ನೊಂದು ಪ್ರತಿ ಎಲ್ಲಿದೆ ಅಂತ ಕೇಳಿದರೆ, ಇದೊಂದೇ ಎಂದರು. ಆ ಡಿಸ್ಕಿಗೆ ಒಂಬತ್ತು ವರ್ಷ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮುಂಚೆ ಅದನ್ನು ಎರಡು ಪೆನ್ ಡ್ರೈವಿಗೆ ಕಾಪಿ ಮಾಡಿ ಒಂದನ್ನು ಅವರ ಅಂಗಿ ಜೇಬಿಗೆ ಹಾಕಿದೆ. ಪ್ರೊಸೆಸರ್ ಆರನೇ ತಲೆಮಾರಿನದು, ವಿಂಡೋಸ್ 11 ಮಾತು ಅಲ್ಲಿಗೇ ಮುಗಿಯಿತು. ರ‍್ಯಾಮ್ ಮುಟ್ಟಲಿಲ್ಲ. ಎಸ್‌ಎಸ್‌ಡಿ ಹಾಕಿ ವಿಂಡೋಸ್ 10ನ್ನೇ ಅದಕ್ಕೆ ದಾಟಿಸಿ, ಅಪ್‌ಡೇಟಿಗೆ ನೋಂದಾಯಿಸಿದೆ. ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ತೆರೆದುಕೊಂಡಿತು. ಅವರು ಆಗಲೇ ಮಗನಿಗೆ ಫೋನ್ ಹಚ್ಚಿದರು.

ಅರ್ಹ ಯಂತ್ರ ಇರುವವರು ಮನೆಯಲ್ಲೇ ಅಪ್‌ಗ್ರೇಡ್ ಮಾಡುವುದಾದರೆ ಮಳೆ ಗಾಳಿ ಜೋರಿರುವ ವಾರ ಕೈ ಹಾಕಬೇಡಿ. ಐದು ಜಿಬಿಗೂ ಹೆಚ್ಚು ಇಳಿಸಿಕೊಳ್ಳಬೇಕು, ನಡುವೆ ಕರೆಂಟ್ ಹೋದರೆ ವಿಂಡೋಸ್ ಏಳದೆ ಹೋಗಬಹುದು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ. ಮೈಕ್ರೋಸಾಫ್ಟ್ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಡಿ. ಹೊಸ ಯಂತ್ರಗಳಲ್ಲಿ ವಿಂಡೋಸ್ 11 ತಾನಾಗಿಯೇ ಡಿಸ್ಕಿಗೆ ಬೀಗ ಹಾಕಿರಬಹುದು. ಆ ಬೀಗದ ಕೀಲಿ ಇರುವುದು ಆ ಖಾತೆಯಲ್ಲಿ, ಖಾತೆ ಮರೆತರೆ ನಾನೂ ತೆಗೆಯಲಾರೆ. ನನ್ನಲ್ಲಿಗೇ ತರುವವರು ಚಾರ್ಜರ್ ತನ್ನಿ, ಟ್ಯಾಲಿ ಲೈಸೆನ್ಸಿನ ವಿವರ ತನ್ನಿ, ಯಾವ ಫೋಲ್ಡರ್ ಕಳೆದುಹೋದರೆ ನಿದ್ದೆ ಬರುವುದಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ.