ಮೂಗಿಗೆ ಮಾರ್ಕು ಕೊಡುವುದು ಹೇಗೆ? ಬೇಟೆ ನಾಯಿಗಳ ಸ್ಪರ್ಧೆ ಬೆಳೆದು ಬಂದ ಕಥೆ

1859ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಟೌನ್ ಹಾಲ್‌ನಲ್ಲಿ ಒಂದು ನಾಯಿ ಪ್ರದರ್ಶನ ನಡೆಯಿತು. ಬಂದದ್ದು 60 ನಾಯಿ. ಎಲ್ಲವೂ ಪಾಯಿಂಟರ್ ಇಲ್ಲವೇ ಸೆಟರ್, ಅಂದರೆ ಹಕ್ಕಿ ಬೇಟೆಯ ನಾಯಿಗಳು. ಬಹುಮಾನ ಕೊಟ್ಟವನು ಊರಿನ ಬಂದೂಕು ತಯಾರಕ, ಕೊಟ್ಟದ್ದು ಜೋಡಿ ನಳಿಗೆಯ ಬಂದೂಕು. ಫಲಿತಾಂಶ ಮಾತ್ರ ನಗು ತರಿಸುವಂಥದ್ದು. ಪಾಯಿಂಟರ್‌ಗಳಿಗೆ ತೀರ್ಪು ಕೊಟ್ಟವನ ಸೆಟರ್ ಗೆದ್ದಿತು, ಸೆಟರ್‌ಗಳಿಗೆ ತೀರ್ಪು ಕೊಟ್ಟವನ ಪಾಯಿಂಟರ್ ಗೆದ್ದಿತು.

ಆದರೆ ಬೇಟೆಗಾರರನ್ನು ಕಾಡಿದ ಪ್ರಶ್ನೆ ಬೇರೆ. ಸಭಾಂಗಣದಲ್ಲಿ ನಾಯಿಯ ಕಾಲು, ಎದೆ, ಬಾಲ ಕಾಣುತ್ತದೆ. ಮೂಗು ಎಷ್ಟು ಚುರುಕು ಅನ್ನುವುದು ಕಾಣುತ್ತಾ? ಗುಂಡಿನ ಸದ್ದಿಗೆ ಬೆದರಿ ಓಡುತ್ತದೋ, ನಿಲ್ಲುತ್ತದೋ? ಅದು ಗೊತ್ತಾಗಬೇಕಾದರೆ ಬಯಲಿಗೇ ಹೋಗಬೇಕು. ಹಾಗಾಗಿ ಆರು ವರ್ಷ ಕಳೆದ ಮೇಲೆ, 1865ರ ಏಪ್ರಿಲ್ 18ರಂದು, ಬೆಡ್‌ಫರ್ಡ್‌ಷೈರ್‌ನ ಸೌತ್‌ಹಿಲ್ ಎಸ್ಟೇಟ್‌ನಲ್ಲಿ ಪಾಯಿಂಟರ್ ಮತ್ತು ಸೆಟರ್‌ಗಳ ‘ಫೀಲ್ಡ್ ಟ್ರಯಲ್’ ನಡೆಯಿತು. ದಾಖಲೆಯಲ್ಲಿರುವ ಮೊದಲ ಫೀಲ್ಡ್ ಟ್ರಯಲ್ ಇದೇ. ಬ್ರಿಟನ್ನಿನ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಅಂದರೆ ಕ್ಲಬ್ಬಿಗಿಂತ ಸ್ಪರ್ಧೆಯೇ ಹಳೆಯದು.

ಈ ನಾಯಿಗಳ ಕೆಲಸ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನಾಯಿ ಗಾಳಿಗೆ ಎದುರಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾ ಹುಲ್ಲುಬಯಲನ್ನು ಜಾಲಾಡುತ್ತದೆ. ಮೂಗು ನೆಲಕ್ಕೆ ತಾಗಿರುವುದಿಲ್ಲ, ಗಾಳಿಯಲ್ಲಿ ಎತ್ತಿರುತ್ತದೆ. ಹುಲ್ಲಿನೊಳಗೆ ಅವಿತ ಹಕ್ಕಿಯ ವಾಸನೆ ತಾಕಿತೋ, ನಿಂತಲ್ಲೇ ನಿಂತುಬಿಡುತ್ತದೆ. ಎತ್ತಿದ ಮುಂಗಾಲು ಎತ್ತಿದ ಹಾಗೇ. ಯಜಮಾನ ನಡೆದು ಬಂದು, ಮುಂದೆ ಹೋಗಿ ಹಕ್ಕಿ ಎಬ್ಬಿಸಿ, ಗುಂಡು ಹಾರಿಸುವ ತನಕ ಅಲ್ಲಾಡುವಂತಿಲ್ಲ. ಇನ್ನೂ ಒಂದು ಸೊಗಸಿದೆ. ನಾಯಿಗಳನ್ನು ಜೋಡಿಯಾಗಿ ಬಿಡುತ್ತಾರೆ. ಒಂದು ನಿಂತದ್ದು ಕಂಡರೆ ಇನ್ನೊಂದು, ತನಗೆ ಯಾವ ವಾಸನೆಯೂ ಬರದಿದ್ದರೂ, ಇದ್ದಲ್ಲೇ ನಿಲ್ಲಬೇಕು. ಇದಕ್ಕೆ ‘ಬ್ಯಾಕಿಂಗ್’ ಅನ್ನುತ್ತಾರೆ. ಮುಂದೆ ನುಗ್ಗಿ ಇನ್ನೊಬ್ಬರ ಹಕ್ಕಿ ಕದಿಯುವ ನಾಯಿಗೆ ಬಹುಮಾನದ ಆಸೆ ಬೇಡ.

ಹಾಗಂತ ಬೇಟೆ ನಾಯಿಗಳ ಪೈಪೋಟಿ 1865ರಲ್ಲೇ ಶುರುವಾಯಿತು ಅಂದುಕೊಂಡರೆ ತಪ್ಪು. ಮೂಗಿಗಿಂತ ಮೊದಲು ಕಾಲಿನ ಸ್ಪರ್ಧೆ ಇತ್ತು. ಗ್ರೇಹೌಂಡ್‌ನಂಥ ನಾಯಿಗಳು ಕಣ್ಣಿನಿಂದ ಬೇಟೆ ಕಂಡು ಓಡಿ ಹಿಡಿಯುವಂಥವು. ಕ್ರಿ.ಶ. ಎರಡನೇ ಶತಮಾನದಲ್ಲೇ ಗ್ರೀಕ್ ಲೇಖಕ ಅರಿಯನ್, ನಿಜವಾದ ಬೇಟೆಗಾರ ನಾಯಿ ಬಿಡುವುದು ಮೊಲ ಕೊಲ್ಲುವುದಕ್ಕಲ್ಲ, ನಾಯಿ, ಮೊಲ ಎರಡರ ಓಟ ನೋಡುವುದಕ್ಕೆ ಅಂತ ಬರೆದಿದ್ದ. ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ಕಾಲಕ್ಕೆ, ಮೊಲದ ಹಿಂದೆ ಎರಡು ನಾಯಿ ಓಡಿಸುವ ‘ಕೋರ್ಸಿಂಗ್’ ಆಟಕ್ಕೆ ಲಿಖಿತ ನಿಯಮ ಬಂತು. 1776ರಲ್ಲಿ ಸ್ವಾಫಮ್‌ನಲ್ಲಿ ಕ್ಲಬ್ ಆಯಿತು. 1836ರಲ್ಲಿ ಲಿವರ್‌ಪೂಲ್‌ನ ವಾಟರ್ಲೂ ಹೋಟೆಲಿನ ಮಾಲೀಕ ವಿಲಿಯಂ ಲಿನ್ ‘ವಾಟರ್ಲೂ ಕಪ್’ ಶುರು ಮಾಡಿದ. ಹತ್ತಿರದ ಆಲ್ಟ್‌ಕಾರ್ ಬಯಲಿನಲ್ಲಿ ನಡೆಯುತ್ತಿದ್ದ ಇದಕ್ಕೆ ಜನ ಮುಗಿಬೀಳುತ್ತಿದ್ದರು. 1868, 1869, 1871ರಲ್ಲಿ ಗೆದ್ದ ಮಾಸ್ಟರ್ ಮೆಗ್ರಾತ್ ಎಂಬ ಐರಿಷ್ ಗ್ರೇಹೌಂಡ್ ಆಗಿನ ಕಾಲದ ಸ್ಟಾರ್.

ಕೋರ್ಸಿಂಗ್‌ನಲ್ಲಿ ಅಂಕ ಕೊಡುವ ರೀತಿ ಗಮನಿಸುವಂಥದ್ದು. ಒಂದಕ್ಕೆ ಕೆಂಪು ಕೊರಳಪಟ್ಟಿ, ಇನ್ನೊಂದಕ್ಕೆ ಬಿಳಿ. ಮೊಲ ಸಾಕಷ್ಟು ದೂರ ಹೋದ ಮೇಲೆಯೇ ‘ಸ್ಲಿಪ್ಪರ್’, ಅಂದರೆ ನಾಯಿ ಬಿಡುವವನು, ಎರಡನ್ನೂ ಒಟ್ಟಿಗೆ ಬಿಡುತ್ತಿದ್ದ. ಮೊದಲು ಮೊಲದ ಹತ್ತಿರ ಹೋಗಿದ್ದಕ್ಕೆ ಅಂಕ, ಅದನ್ನು ದಾರಿ ತಪ್ಪಿಸಿ ತಿರುಗಿಸಿದ್ದಕ್ಕೆ ಅಂಕ. ಕೊಂದದ್ದಕ್ಕೆ ಹೆಚ್ಚೆಂದರೆ ಒಂದು. ಮೊಲ ತಪ್ಪಿಸಿಕೊಂಡು ಹೋದರೂ ಗೆಲ್ಲುವ ನಾಯಿ ಗೆಲ್ಲುತ್ತಿತ್ತು. ಅರಿಯನ್ ಹೇಳಿದ್ದು ನಿಯಮದಲ್ಲೂ ಇತ್ತು ಅನ್ನಬಹುದು. ಆದರೆ ಹಲ್ಲಿಗೆ ಸಿಕ್ಕ ಮೊಲಕ್ಕೆ ಈ ಲೆಕ್ಕದಿಂದ ಏನು ಸಮಾಧಾನ? ಇದೇ ಜಗಳ ದಶಕಗಳ ಕಾಲ ನಡೆಯಿತು. ಸ್ಕಾಟ್ಲೆಂಡ್ 2002ರಲ್ಲಿ ಕೋರ್ಸಿಂಗ್ ನಿಷೇಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ನಿಷೇಧ ಕಾಯ್ದೆ 2005ರ ಫೆಬ್ರವರಿ 18ರಂದು ಜಾರಿಯಾಯಿತು. ಕೊನೆಯ ವಾಟರ್ಲೂ ಕಪ್ ಅದೇ ತಿಂಗಳು, ಅದಕ್ಕೆ ಕೆಲವೇ ದಿನ ಮುಂಚೆ ಮುಗಿದಿತ್ತು.

ಅಷ್ಟರಲ್ಲಿ ಅಮೆರಿಕದವರು ಮೊಲವನ್ನೇ ಆಟದಿಂದ ಬಿಟ್ಟಿದ್ದರು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೈಲ್ ಜಿಲೆಟ್ ಮತ್ತು ಸ್ನೇಹಿತರು ‘ಲ್ಯೂರ್ ಕೋರ್ಸಿಂಗ್’ ರೂಪಿಸಿದರು. ಬಯಲಲ್ಲಿ ಅಲ್ಲಲ್ಲಿ ರಾಟೆ, ಅದರ ಸುತ್ತ ದಾರ, ಎಳೆಯಲು ಮೋಟಾರು. ದಾರದ ತುದಿಗೆ? ಬಿಳಿ ಪ್ಲಾಸ್ಟಿಕ್ ಚೀಲ. ಅಷ್ಟೇ! ಅದು ಮೊಲದ ಹಾಗೆ ಸರಕ್ಕನೆ ತಿರುಗಿದರೆ ಸಾಕು, ನಾಯಿ ಪ್ರಾಣ ಬಿಟ್ಟು ಓಡುತ್ತದೆ. ವಾಸನೆಯಿಂದ ಬೇಟೆಯಾಡುವ ನಾಯಿಯ ಮೂಗು ಪರೀಕ್ಷಿಸಲು ಈ ಮೋಸ ಸಾಲದು.

ಹಕ್ಕಿ ನಾಯಿಗಳ ಕಥೆಗೆ ವಾಪಸ್ ಬರೋಣ. ಅಮೆರಿಕದ ಮೊದಲ ಫೀಲ್ಡ್ ಟ್ರಯಲ್ 1874ರಲ್ಲಿ ಟೆನೆಸಿಯ ಮೆಂಫಿಸ್ ಹತ್ತಿರ ನಡೆಯಿತು. 1896ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹುಟ್ಟಿತು. ಮುಂದೆ ಅದರ ಮನೆಯಾದದ್ದು ಅದೇ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ಬಳಿಯ ಏಮ್ಸ್ ಪ್ಲಾಂಟೇಷನ್. ಅಲ್ಲಿ ಒಂದು ಸುತ್ತು ಅಂದರೆ ಪೂರ್ತಿ ಮೂರು ಗಂಟೆ. ಮೊದಲ ಗಂಟೆಯ ಹುರುಪು ಮೂರನೆಯದರಲ್ಲೂ ಇರಬೇಕು. ಮೇರಿ ಮಾಂಟ್ರೋಸ್ ಎಂಬ ಹೆಣ್ಣು ಪಾಯಿಂಟರ್ 1917, 1919, 1920ರಲ್ಲಿ ಮೂರು ಸಲ ಗೆದ್ದು ಹೆಸರಾಯಿತು.

ಆದರೆ ಬಯಲು ದೊಡ್ಡದು, ಹಕ್ಕಿ ಚದುರಿರುತ್ತದೆ. ಜಾಸ್ತಿ ದೂರ ಹುಡುಕುವ ನಾಯಿಗೆ ಜಾಸ್ತಿ ಹಕ್ಕಿ. ಗೆದ್ದ ನಾಯಿಯ ಮರಿಗಳಿಗೆ ಬೇಡಿಕೆ, ಅವು ಇನ್ನೂ ದೂರ ಓಡುವಂಥವು. ಹೀಗೆ ತಲೆಮಾರು ಕಳೆದಂತೆ ನಾಯಿಯ ಹಿಂದೆ ನಡೆದು ಹೋಗುವುದು ಆಗದ ಮಾತಾಯಿತು. ತೀರ್ಪುಗಾರರು, ಯಜಮಾನರು, ನೋಡುವವರು ಎಲ್ಲರೂ ಕುದುರೆ ಹತ್ತಿದರು. ನೋಡಲು ಭರ್ಜರಿ, ನಿಜ. ಆದರೆ ಭಾನುವಾರ ಬಂದೂಕು ಹೆಗಲಿಗೇರಿಸಿ ನಡೆದು ಹೋಗುವ ಬೇಟೆಗಾರ ಆ ನಾಯಿ ತಗೊಂಡು ಏನು ಮಾಡುತ್ತಾನೆ?

ಬೀಗಲ್‌ಗಳಲ್ಲಿ ಆಗಿದ್ದು ಇದರ ತದ್ವಿರುದ್ಧ. ಅಮೆರಿಕದ ನ್ಯಾಷನಲ್ ಬೀಗಲ್ ಕ್ಲಬ್ 1890ರಲ್ಲಿ ಮ್ಯಾಸಚೂಸೆಟ್ಸ್‌ನ ಹಯಾನಿಸ್‌ನಲ್ಲಿ ಮೊದಲ ಟ್ರಯಲ್ ನಡೆಸಿತು. ಬೀಗಲ್ ಮೊಲದ ಜಾಡು ಹಿಡಿದು, ಬೊಗಳುತ್ತಾ ಬೆನ್ನಟ್ಟುವ ನಾಯಿ. ಜೋಡಿ ಸ್ಪರ್ಧೆಯಲ್ಲಿ ತೀರ್ಪುಗಾರರು ಮುಖ್ಯವಾಗಿ ನೋಡಿದ್ದು ಜಾಡನ್ನು ಎಷ್ಟು ಕರಾರುವಾಕ್ಕಾಗಿ ಹಿಡಿಯುತ್ತದೆ ಅನ್ನುವುದನ್ನು. ಮೊಲ ತಿರುಗಿದ ಕಡೆ ನಾಯಿ ನೇರ ಮುಂದೆ ಹೋದರೆ ಅದು ತಪ್ಪು. ವೇಗವಾಗಿ ಹೋಗುವ ನಾಯಿಯೇ ತಿರುವು ತಪ್ಪುವುದು. ನಿಧಾನಿ ತಪ್ಪುವುದಿಲ್ಲ. ಸರಿ, ನಿಧಾನಿಗಳು ಗೆದ್ದವು, ಅವುಗಳ ಮರಿಗಳು ಇನ್ನೂ ನಿಧಾನಿಗಳಾದವು. ಕೊನೆಗೆ ಒಂದೊಂದೇ ಹೆಜ್ಜೆ ಗುರುತು ಮೂಸುತ್ತಾ ನಡೆಯುವ ಬೀಗಲ್‌ಗಳು ಬಂದವು. ಇವು ಬರುವಷ್ಟರಲ್ಲಿ ಮೊಲ ಊಟ ಮಾಡಿ ನಿದ್ದೆ ತೆಗೆಯಬಹುದು! ಬೇಟೆಗಾರರು ಬೇಸತ್ತು, ಓಟಕ್ಕೂ ಬೆಲೆ ಕೊಡುವ ಸಣ್ಣ ಗುಂಪಿನ ಸ್ಪರ್ಧೆಗಳನ್ನೂ, ಬಂದೂಕಿನ ಸದ್ದಿಗೆ ಬೆದರುತ್ತದೋ ಎಂದು ನೋಡುವ ಬಗೆಗಳನ್ನೂ ಬೇರೆಯಾಗಿ ಕಟ್ಟಿಕೊಂಡರು.

ಒಂದು ಕಡೆ ಅತಿ ವೇಗ, ಇನ್ನೊಂದು ಕಡೆ ಅತಿ ನಿಧಾನ. ಕಾರಣ ಮಾತ್ರ ಒಂದೇ. ಮಾರ್ಕು ಎಲ್ಲಿ ಸಿಗುತ್ತದೋ ತಳಿ ಅತ್ತ ವಾಲುತ್ತದೆ. ಈ ಸ್ಪರ್ಧೆಗಳ ಚರಿತ್ರೆಯಲ್ಲಿ ಹೊಸ ನಿಯಮ, ಹೊಸ ಕ್ಲಬ್ ಹುಟ್ಟಿದ ಕಡೆಯೆಲ್ಲ ಸುಮ್ನೆ ಸ್ವಲ್ಪ ಕೆದಕಿದರೆ ಈ ತಕರಾರೇ ಸಿಗುತ್ತದೆ.

ರಿಟ್ರೀವರ್‌ಗಳದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಲ್ಯಾಬ್ರಡಾರ್, ಗೋಲ್ಡನ್ ಮುಂತಾದ ಇವುಗಳ ಕೆಲಸ ಹೊಡೆದು ಬಿದ್ದ ಹಕ್ಕಿಯನ್ನು ಕಚ್ಚದೆ ತಂದು ಕೈಗೆ ಕೊಡುವುದು. ಬ್ರಿಟನ್ನಿನಲ್ಲಿ ಇವುಗಳ ಟ್ರಯಲ್ ನಡೆಯುವುದು ನಿಜವಾದ ಬೇಟೆಯಲ್ಲೇ. ನಾಯಿ ಸಾಲಿನಲ್ಲಿ ತೆಪ್ಪಗೆ ಕೂತಿರಬೇಕು, ಕುಂಯ್‌ಗುಟ್ಟಿದರೂ ಹೊರಕ್ಕೆ. ಅಮೆರಿಕದಲ್ಲಿ ಮೊದಲ ರಿಟ್ರೀವರ್ ಟ್ರಯಲ್ 1931ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್‌ನಲ್ಲಿ ಆಯಿತು. ಆಗಿನ ಸಿರಿವಂತ ಮನೆತನಗಳು ನಾಯಿ ಪಳಗಿಸಲು ಸ್ಕಾಟ್ಲೆಂಡಿನಿಂದ ಜನ ಕರೆಸಿಕೊಂಡಿದ್ದವು. ಅವರಲ್ಲಿ ಡೇವ್ ಎಲಿಯಟ್ ಎಂಬಾತ ಕುರಿ ಕಾಯುವ ನಾಯಿಗಳಿಗೆ ಕೊಡುವ ಸೀಟಿ, ಕೈಸನ್ನೆಗಳನ್ನು ರಿಟ್ರೀವರ್‌ಗೂ ಕಲಿಸಿದ. ಅದರಿಂದ ‘ಬ್ಲೈಂಡ್’ ಸಾಧ್ಯವಾಯಿತು, ಅಂದರೆ ಬಿದ್ದದ್ದನ್ನು ನಾಯಿ ಕಂಡೇ ಇಲ್ಲ, ಯಜಮಾನ ಸನ್ನೆಯಲ್ಲೇ ಅಲ್ಲಿಗೆ ಕಳಿಸಬೇಕು. ದೂರದಲ್ಲಿ ಈಜುತ್ತಿರುವ ನಾಯಿ ಸೀಟಿ ಕೇಳಿ ತಿರುಗಿ, ತಲೆಯೆತ್ತಿ ದಡದತ್ತ ನೋಡಿ, ಕೈ ತೋರಿದ ಕಡೆ ಹೊರಳುವುದು ಈ ಆಟದ ಅತಿ ಚೆಂದದ ಗಳಿಗೆ. 1952 ಮತ್ತು 1953ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕಿಂಗ್ ಬಕ್ ಎಂಬ ಕಪ್ಪು ಲ್ಯಾಬ್ರಡಾರ್‌ನ ಚಿತ್ರ 1959ರ ಅಮೆರಿಕದ ಬಾತುಕೋಳಿ ಬೇಟೆ ಸ್ಟಾಂಪಿನ ಮೇಲೂ ಬಂತು.

ಎಲ್ಲ ನಾಯಿಗಳೂ ಚೆನ್ನಾಗಿ ಮಾಡಿದರೆ ಒಂದನ್ನು ಆರಿಸುವುದು ಹೇಗೆ? ಪರೀಕ್ಷೆ ಕಷ್ಟ ಮಾಡಬೇಕು. ದೂರ 300 ಗಜ ದಾಟಿತು. ಅಷ್ಟು ದೂರದಿಂದ ಕಾಣಲಿ ಅಂತ, ಸ್ಪರ್ಧೆಯಲ್ಲಿ ನಾಯಿ ತರಲೆಂದು ಹಕ್ಕಿ ಎಸೆಯುವವರು ಬಿಳಿ ಕೋಟು ಹಾಕಿಕೊಂಡರು. ಬೇಟೆಗೆ ಯಾರಾದರೂ ಬಿಳಿ ಕೋಟು ಹಾಕಿಕೊಂಡು ಹೋಗುತ್ತಾರಾ? ಸಂಬಳದ ತರಬೇತುದಾರರಿಲ್ಲದೆ ಗೆಲ್ಲುವುದು ಕಷ್ಟವಾಯಿತು. ಸಾಮಾನ್ಯ ಬೇಟೆಗಾರರ ಈ ಸಿಟ್ಟಿನಿಂದಲೇ 1980ರ ದಶಕದಲ್ಲಿ ‘ಹಂಟ್ ಟೆಸ್ಟ್’ ಬಂತು. 1983ರಲ್ಲಿ ಉತ್ತರ ಅಮೆರಿಕದ ಬೇಟೆ ರಿಟ್ರೀವರ್ ಸಂಘ, 1985ರಲ್ಲಿ ಅಮೆರಿಕನ್ ಕೆನಲ್ ಕ್ಲಬ್‌ನ ಪರೀಕ್ಷೆ. ಇಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಇಲ್ಲ. ಗೊತ್ತಾದ ಮಟ್ಟ ಮುಟ್ಟಿದರೆ ಪಾಸು. ಹತ್ತು ನಾಯಿ ಬಂದರೆ ಹತ್ತೂ ಪಾಸಾಗಬಹುದು. ಬಿಳಿ ಕೋಟು ಹೋಗಿ ಎಲೆ ಬಣ್ಣದ ಬಟ್ಟೆ ಬಂತು, ದೂರ ಕಡಿಮೆಯಾಯಿತು.

ಜರ್ಮನರು ಈ ದಾರಿಗೆ ತುಂಬ ಮೊದಲೇ ಬಂದಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ನಾಯಿ ಸಾಕುವುದು ಬ್ರಿಟಿಷ್ ಜಮೀನ್ದಾರರಿಗೆ ಸರಿ, ನಮಗೆ ಎಲ್ಲ ಕೆಲಸಕ್ಕೂ ಆಗುವ ಒಂದು ನಾಯಿ ಬೇಕು ಅನ್ನುವುದು ಅವರ ವಾದ. 1899ರಲ್ಲಿ ಅಲ್ಲಿನ ಬೇಟೆ ನಾಯಿ ಸಂಘಗಳ ಒಕ್ಕೂಟ ಹುಟ್ಟಿತು. ಅವರ ದೊಡ್ಡ ಪರೀಕ್ಷೆ ಎರಡು ದಿನದ್ದು. ಹಕ್ಕಿ ಹುಡುಕಬೇಕು, ನೀರಿನಲ್ಲಿ ಕೆಲಸ ಮಾಡಬೇಕು, ಬೇಲಿ ಹಾರಿ ಸತ್ತ ನರಿಯನ್ನು ಹೊತ್ತು ತರಬೇಕು, ಕಾಡಿನಲ್ಲಿ ಕನಿಷ್ಠ 400 ಮೀಟರ್ ರಕ್ತದ ಜಾಡು ಹಿಡಿದು ಹೋಗಬೇಕು. ಗಾಯಗೊಂಡ ಪ್ರಾಣಿಯನ್ನು ಹಾಗೇ ನರಳಲು ಬಿಡಬಾರದು ಅನ್ನುವುದು ಇದರ ಹಿಂದಿನ ಕಟ್ಟುನಿಟ್ಟು. ಇದೇ ಮಾದರಿಯ ಸಂಘ ಉತ್ತರ ಅಮೆರಿಕದಲ್ಲಿ 1969ರಲ್ಲಿ ಆಯಿತು.

ಟೆರಿಯರ್‌ಗಳಿಗೆ ಬಿಲದ ಪರೀಕ್ಷೆ ಇದೆ. 9 ಇಂಚು ಅಗಲ, 9 ಇಂಚು ಎತ್ತರದ ಮರದ ಸುರಂಗ ಹೂಳುತ್ತಾರೆ. ಕತ್ತಲು, ತಿರುವುಗಳು, ಕೊನೆಯಲ್ಲಿ ಪಂಜರದೊಳಗೆ ಭದ್ರವಾಗಿ ಕೂತ ಇಲಿ. ಹೆಗ್ಗಳಿಕೆ ಇಲಿ ಹಿಡಿದದ್ದಕ್ಕಲ್ಲ, ಹಿಂದಿರುಗದೆ ಅಲ್ಲೇ ನಿಂತು ಕೆರೆದು ಬೊಗಳಿದ್ದಕ್ಕೆ.

ನನಗೆ ಇದರಲ್ಲೆಲ್ಲ ಜಾಸ್ತಿ ಇಷ್ಟವಾದದ್ದು ರಾತ್ರಿ ನಡೆಯುವ ಕೂನ್‌ಹೌಂಡ್, ಅಂದರೆ ರಕೂನ್ ಬೇಟೆ ನಾಯಿಗಳ ಸ್ಪರ್ಧೆ. ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ 1953ರಿಂದ ಇದಕ್ಕೆ ಮಾನ್ಯತೆ ಕೊಡುತ್ತಿದೆ. ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರುವ ರಕೂನ್ ರಾತ್ರಿ ತಿರುಗುವ ಪ್ರಾಣಿ, ನಾಯಿ ಬೆನ್ನಟ್ಟಿದರೆ ಮರ ಹತ್ತುತ್ತದೆ. ಸಾಮಾನ್ಯವಾಗಿ ನಾಲ್ಕು ನಾಯಿ, ನಾಲ್ವರು ಯಜಮಾನರು, ಎರಡು ಗಂಟೆ. ನಾಯಿಗಳನ್ನು ಕತ್ತಲಲ್ಲಿ ಬಿಟ್ಟ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತಿರುತ್ತಾರೆ. ಜಾಡು ಸಿಕ್ಕ ನಾಯಿ ಬೊಗಳಿದ ಕೂಡಲೇ ಅದರ ಯಜಮಾನ ತನ್ನ ನಾಯಿಯ ಹೆಸರು ಕೂಗಿ ‘ಸ್ಟ್ರೈಕ್’ ಅನ್ನಬೇಕು. ಮೊದಲು ಕೂಗಿದವನಿಗೆ 100 ಅಂಕ, ಆಮೇಲೆ 75, 50, 25. ಬೊಗಳುವ ಲಯ ಬದಲಾಗಿ, ನಾಯಿ ಮರದ ಬುಡದಲ್ಲಿ ನಿಂತಿದೆ ಅನ್ನಿಸಿದಾಗ ‘ಟ್ರೀ’ ಅನ್ನಬೇಕು. ಮೊದಲಿಗನಿಗೆ 125.

ಆಮೇಲೆ ಎಲ್ಲರೂ ಟಾರ್ಚ್ ಹಿಡಿದು ಮರದ ಹತ್ತಿರ ಹೋಗುತ್ತಾರೆ. ಮೇಲೆ ರಕೂನ್ ಕಣ್ಣು ಹೊಳೆದರೆ ಅಂಕ ಕೂಡುತ್ತದೆ. ಮರ ಖಾಲಿ ಅಂತ ಖಾತ್ರಿಯಾದರೆ ಅಷ್ಟೂ ಅಂಕ ಕಳೆಯುತ್ತದೆ. ಎಲೆ ದಟ್ಟವಾಗಿದ್ದು ಅಥವಾ ಪೊಟರೆ ಇದ್ದು ಹೇಳಲಾಗದಿದ್ದರೆ? ಅಂಕದ ಸುತ್ತ ಒಂದು ಸೊನ್ನೆ ಸುತ್ತಿ ಹಾಗೇ ಬಿಡುತ್ತಾರೆ. ಗೊತ್ತಿಲ್ಲ ಅನ್ನುವುದಕ್ಕೂ ಅಂಕಪಟ್ಟಿಯಲ್ಲಿ ಜಾಗ ಇಟ್ಟ ಆಟ ಇದು. ಇಲ್ಲಿ ಪರೀಕ್ಷೆ ನಾಯಿಯ ಮೂಗಿಗೋ, ಯಜಮಾನನ ಕಿವಿಗೋ? ಎರಡಕ್ಕೂ.

ಈ ಇಡೀ ಕಥೆ ಕಾಗದದ ಮೇಲೂ ಕಾಣಿಸುತ್ತದೆ. ಅಮೆರಿಕನ್ ಕೆನಲ್ ಕ್ಲಬ್‌ನ ವಂಶಾವಳಿ ಪತ್ರ ನೋಡಿ. ‘ಎಫ್‌ಸಿ’ ಅಂದರೆ ಫೀಲ್ಡ್ ಚಾಂಪಿಯನ್. ಅದು ನಾಯಿಯ ಹೆಸರಿಗಿಂತ ಮೊದಲು ಬರುತ್ತದೆ, ಬೇರೆ ನಾಯಿಗಳನ್ನು ಸೋಲಿಸಿ ಗಳಿಸಿದ್ದು. ‘ಎಂಎಚ್’ ಅಂದರೆ ಮಾಸ್ಟರ್ ಹಂಟರ್. ಅದು ಹೆಸರಾದ ಮೇಲೆ ಬರುತ್ತದೆ, ಹಂಟ್ ಟೆಸ್ಟ್ ಪಾಸಾಗಿ ಗಳಿಸಿದ್ದು. ಪ್ರದರ್ಶನದ ಚಾಂಪಿಯನ್ ‘ಸಿಎಚ್’ ಕೂಡ ಮೊದಲೇ ಬರುತ್ತದೆ. ಪ್ರದರ್ಶನದಲ್ಲೂ ಫೀಲ್ಡಿನಲ್ಲೂ ಚಾಂಪಿಯನ್ ಆದರೆ ಅದಕ್ಕೆ ‘ಡಿಸಿ’, ಡ್ಯುಯಲ್ ಚಾಂಪಿಯನ್. ಬ್ರಿಟನ್ನಿನಲ್ಲಿ ಲ್ಯಾಬ್ರಡಾರ್‌ಗಳ ಪೈಕಿ ಮೊದಲು ಈ ಜೋಡಿ ಗೌರವ ಪಡೆದದ್ದು ಬ್ಯಾಂಕರಿ ಬೋಲೋ, ಮೊದಲ ಮಹಾಯುದ್ಧ ಮುಗಿದ ಆಸುಪಾಸಿನಲ್ಲಿ. ಈಗ ಅಂಥ ಲ್ಯಾಬ್ರಡಾರ್ ಕಾಣುವುದೇ ಅಪರೂಪ. ಒಂದು ಬಗೆ ದಪ್ಪ ತಲೆ, ಗುಂಡು ಮೈ. ಇನ್ನೊಂದು ತೆಳ್ಳಗೆ, ಉದ್ದ ಕಾಲು. ಮರಿ ಕೇಳಲು ಬಂದವರಿಗೆ ಸಾಕುವವರು ಮೊದಲು ಕೇಳುವುದೇ ಇದನ್ನು: ನಿಮಗೆ ಬೇಕಿರುವುದು ಶೋ ಲೈನಾ, ಫೀಲ್ಡ್ ಲೈನಾ?